ಕಾಕಾನ ಇಪ್ಪತ್ನಾಲ್ಕು ತಾಸಿನ ಚಾನಲ್ಲು

ನನ್ನ ನೌಕರಿಯ ಉದ್ದಕ್ಕೂ ನಾನು ಅತಿ ಹೆಚ್ಚು ಬೈದದ್ದು ಒಂದನೇ ಇಯತ್ತೆಯ ಹುಡುಗರನ್ನಲ್ಲ, ಗಂಡನನ್ನೂ ಅಲ್ಲ; ಗಜೇಂದ್ರಗಡದಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದ ಒಬ್ಬ ಮನುಷ್ಯನನ್ನು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅವರಿಗೆ ಹೇಳುವುದು ಇನ್ನೂ ಬೇಕಾದಷ್ಟಿತ್ತು. ಎದುರಿನವರ ಮಾತು ಅರ್ಧಕ್ಕಿರುವಾಗಲೇ ಎದ್ದು ಹೋಗುವುದು ಆ ಮನುಷ್ಯನ ಹಳೆಯ ಚಾಳಿ. ಕಡೆಗೂ ಅದನ್ನೇ ಮಾಡಿದರು.

ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಗಿಡ್ಡ ಆಳು. ಹೆಗಲಿಗೆ ಸದಾ ಕರೀ ವೈರಿನ ಸುರುಳಿ, ಅಂಗಿಯ ಕಿಸೆಯಲ್ಲಿ ಒಂದು ಪಕ್ಕಡ. ಪಕ್ಕಡವಿದ್ದರೂ ವೈರಿನ ಸಿಪ್ಪೆ ಬಿಡಿಸುವುದು ಮಾತ್ರ ಹಲ್ಲಿನಿಂದ. ಮುಂದಿನ ಒಂದು ಹಲ್ಲು ಅದರಿಂದಲೇ ಅರ್ಧ ಮುರಿದಿತ್ತು. "ಆ ಪಕ್ಕಡ ಯಾತಕ್ಕ ಇಟ್ಕೊಂಡೀರಿ ಕಾಕಾ?" ಎಂದು ಒಮ್ಮೆ ಕೇಳಿದ್ದೆ. "ಇರ್ಲಿ ಬಿಡ್ರಿ, ಹಲ್ಲು ಬಿದ್ದ ಮ್ಯಾಲ ಬೇಕಾಕ್ಕೈತಿ" ಎಂದಿದ್ದರು.

ನಾನು ಮೂಲತಃ ರೋಣದವಳು. ಗಂಡನ ನೌಕರಿ ನರಗುಂದದಲ್ಲಿ, ನನಗೆ ಗಜೇಂದ್ರಗಡದ ಕಿರಿಯ ಪ್ರಾಥಮಿಕ ಶಾಲೆಗೆ ವರ್ಗವಾಯಿತು. ನೇಕಾರರ ಓಣಿಯ ಮೂಲೆಯಲ್ಲಿ ಬಾಡಿಗೆ ಮನೆ ಹಿಡಿದು ಅತ್ತೆಯವರೊಂದಿಗೆ ಬಂದೆ. ಅತ್ತೆಯವರಿಗೆ ಸಂಜೆಯ ಧಾರಾವಾಹಿ ತಪ್ಪಿದರೆ ಮರುದಿನ ನನಗೆ ಒಂದು ಧಾರಾವಾಹಿ ಶುರುವಾಗುತ್ತಿತ್ತು. ಅದಕ್ಕೇ ಸಾಮಾನು ಇಳಿಸಿದ ಸೋಮವಾರವೇ ಕೇಬಲ್ಲಿಗೆ ಹೇಳಿದೆ. "ನಾಳಿ ಮುಂಜಾನಿ ಹತ್ತಕ್ಕ" ಎಂದರು. ಬಂದದ್ದು ಗುರುವಾರ ಇಳಿಹೊತ್ತಿಗೆ, ಅದೂ ಬಾಗಿಲಿನಿಂದಲ್ಲ. ವೈರಿನ ಜೊತೆಗೇ ಮಾಳಿಗೆಯಿಂದ ಇಳಿದರು.

"ಸೋಮವಾರ ಹೇಳಿದ್ದೆ" ಎಂದೆ.

"ಹೌದ್ರಿ."

"ಇವತ್ತ ಗುರುವಾರ."

"ಹೌದ್ರಿ ಅಕ್ಕೋರ."

"ಎಲ್ಲಿಗೆ ಹೋಗಿದ್ರಿ ಇಷ್ಟ ದಿನ?"

"ಒಂದ ಮನ್ಯಾಗ ಕುಂತಿದ್ದೆ."

"ಮೂರು ದಿನ ಒಂದ ಮನ್ಯಾಗ?"

"ಮೂರು ಮನಿ ಅನ್ರಿ ಹಂಗಾರ."

ಹೇಳಿದ್ದಕ್ಕೆಲ್ಲ ಹೌದೆನ್ನುವವರ ಜೊತೆ ಜಗಳ ಆಡಲು ಬರುವುದಿಲ್ಲ. ಚಿತ್ರ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಗೋಡೆಯನ್ನು ನೋಡುತ್ತ "ಆಕ್ಕೈತಿ ತಗೋರಿ" ಎಂದರು. ಆಗುತ್ತದೆ ಬಿಡಿ ಎನ್ನುವ ಆ ಮಾತನ್ನು ಅಂದು ಮೊದಲ ಸಲ ಕೇಳಿದೆ. ಆಮೇಲೆ ಎಷ್ಟು ಸಲ ಕೇಳಿದೆನೆಂದರೆ, ಕನಸಿನಲ್ಲೂ ಯಾರಾದರೂ ಹಾಗೆಂದರೆ ಹಲ್ಲು ಕಡಿಯುತ್ತ ಏಳುತ್ತಿದ್ದೆ.

ಆಗ ಅವರದೇ ಒಂದು ಚಾನಲ್ಲಿತ್ತು. ಅಂಥದ್ದನ್ನು ನಾನು ಬೇರೆ ಯಾವ ಊರಿನಲ್ಲೂ ಕಂಡಿಲ್ಲ. ಅದರಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಗುಡ್ಡದ ಮೇಲಿನ ಕೋಟೆಯ ಒಂದು ಫೋಟೋ, ವರ್ಷವಿಡೀ ಅದೇ. ಹಿಂದಿನಿಂದ ಭಜನೆ, ತತ್ವಪದ, ಎಲ್ಲೆಲ್ಲಿಯೋ ರೆಕಾರ್ಡು ಮಾಡಿಕೊಂಡು ಬಂದ ಪುರಾಣ. ಅವರು ಅದನ್ನು "ಕೇಳೂ ಟಿವಿ" ಎನ್ನುತ್ತಿದ್ದರು. ನೇಯುವವರ ಕಣ್ಣು ಲಾಳಿಯ ಮೇಲೆ, ಕೈ ಎಳೆ ಬಡಿದು ಕೂಡಿಸುವ ಹಲಗೆಯ ಮೇಲೆ, ಕಾಲು ಮಗ್ಗದ ಕೆಳಗೆ ತೋಡಿದ ಕುಣಿಯೊಳಗಿನ ತುಳಿಗೆಯ ಮೇಲೆ. ಖಾಲಿ ಇರುವುದು ಕಿವಿ ಎರಡೇ. "ಹಂಗಿದ್ರ ರೇಡಿಯೋ ಸಾಕಲ್ಲ?" ಎಂದೆ. "ರೇಡಿಯೋ ಹಚ್ಚಿದ್ರ ಮತ್ತ ಟಿವಿ ಯಾಕ ತಂದೀ ಅಂತ ಮನ್ಯಾಗ ಕೇಳ್ತಾರ್ರಿ" ಎಂದರು.

ನಗಬೇಡಿ, ಆ ಚಾನಲ್ಲು ಓಣಿಗೆ ಒಗ್ಗಿತ್ತು. ನಾನು ಮುಂಜಾನೆ ಶಾಲೆಗೆ ನಡೆದು ಹೋಗುವಾಗ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಪದದ ಒಂದು ಸೊಲ್ಲೂ ತಪ್ಪುತ್ತಿರಲಿಲ್ಲ. ಒಂದು ಮನೆಯಲ್ಲಿ ಅರ್ಧ ಕೇಳಿದ್ದು ಮುಂದಿನ ಮನೆಯಲ್ಲಿ ಪೂರ್ತಿಯಾಗುತ್ತಿತ್ತು, ನಡುವೆ ಮಗ್ಗದ ಖಟ್ ಖಟ್. ಎರಡು ವರ್ಷದಲ್ಲಿ ನನಗೂ ಆ ಪದಗಳು ಬಾಯಿಗೆ ಬಂದವು. ಅತ್ತೆಯವರಂತೂ ಧಾರಾವಾಹಿಯ ನಡುವೆ ಜಾಹೀರಾತು ಬಂದರೆ ಅದಕ್ಕೇ ತಿರುಗಿಸುತ್ತಿದ್ದರು.

ಒಂದು ದಿನ ಮುಂಜಾನೆ ಅದೇ ನಂಬರಿನಲ್ಲಿ ಕೋಟೆ ಹೋಗಿ ಹಳದಿ ಬಣ್ಣದ ಕರಡಿಯೊಂದು ಕುಣಿಯುತ್ತಿತ್ತು. ಯಾವುದೋ ದೊಡ್ಡ ಊರಿನ ಹೆಂಗಸಿನ ಧ್ವನಿ ಒಂದರಿಂದ ಹತ್ತು ಎಣಿಸುತ್ತಿತ್ತು. ಪದವಿಲ್ಲ, ಪುರಾಣವಿಲ್ಲ. ಕಾಕಾನ ಆಫೀಸಿನ ಬಾಗಿಲಿಗೆ ಒಂದು ಬೋರ್ಡು ಬಂದಿತ್ತು: ಇನ್ನು ಮುಂದೆ ಇಪ್ಪತ್ನಾಲ್ಕು ತಾಸೂ ಸಣ್ಣ ಮಕ್ಕಳ ಕಾರ್ಯಕ್ರಮ, ಇನ್ನೂ ಶಾಲೆಗೆ ಹೋಗದ ಮಕ್ಕಳಿಗೆ ಮಾತ್ರ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಓಣಿಗೆ ಓಣಿಯೇ ಸಿಟ್ಟಿಗೆದ್ದಿತು. ನೇಕಾರರಲ್ಲಿ ಎಲ್ಲರಿಗಿಂತ ಹಿರಿಯರಾದ ಅಜ್ಜನೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬಂದರು. "ನೀವು ಕಲತಾವ್ರು ಅಕ್ಕೋರ, ನೀವು ಹೇಳಿದ್ರ ಕೇಳ್ತಾನ" ಎಂದರು. ಕಲಿತವರ ಮಾತು ಕೇಳುವ ಕುಲ ಕಾಕಾನದಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೋದೆ.

ಬಸ್‌ಸ್ಟ್ಯಾಂಡಿನ ಹಿಂದೆ ಅವರ ಆಫೀಸು. ಅಜ್ಜನೇ ಮೊದಲು ಬಾಯಿ ಹಾಕಿದರು. "ನಾವೇನು ತೊಟ್ಟಿಲದಾಗಿನ ಕೂಸುಗಳೇನೋ? ಕರಡಿ ತೋರಸ್ತೀ ನಮಗ?"

"ನಿಮಗಲ್ರಿ ಅಜ್ಜಾರ. ನಿಮಗ ಆ ಪದ ಎಲ್ಲಾ ಬಾಯಿಪಾಠ ಆಗ್ಯಾವ. ಇನ್ನ ಮ್ಯಾಲ ನೀವ ಹಾಡ್ರಿ."

"ಮತ್ತ ರಾತ್ರಿ ಯಾಕೋ? ಎರಡು ವರ್ಷದ ಕೂಸು ರಾತ್ರಿ ಎರಡಕ್ಕ ಎದ್ದು ಕರಡಿ ನೋಡ್ತೈತೇನು?" ಇದು ನನ್ನ ಪ್ರಶ್ನೆಯೂ ಆಗಿತ್ತು.

"ಹೊತ್ತು ನೋಡಿ ಹಚ್ಚಾಕ, ತಗ್ಯಾಕ ಮಗ್ಗದಾಗ ಕುಂತಾಕಿಗೆ ಬಿಡುವಿಲ್ರಿ. ಒಂದ ನಂಬರ, ಯಾವಾಗ ನೋಡಿದ್ರೂ ಹುಡುಗೂರದ. ಅಷ್ಟ." ಇಷ್ಟು ಹೇಳಿ ನನ್ನ ಕಡೆ ತಿರುಗಿದರು. "ಬಂದ್ರೇನ್ರಿ ಅಕ್ಕೋರ, ಚಲೋ ಆತು. ಆ ಕರಡಿ ಹೆಣಮಗಳ ಮಾತು ಇಲ್ಲಿ ಒಂದೂ ಕೂಸಿಗೆ ತಿಳಿವಲ್ದು. ನಿಮ್ಮ ದನಿ ಬೇಕು. ಐತವಾರ ಬರ್ರಿ."

ನಾನು ಜಗಳಕ್ಕೆ ಹೋದವಳು. ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. "ಇದು ಸರಿಯಲ್ಲ" ಎಂದೆ. "ಹೌದ್ರಿ" ಎಂದರು. ಐತವಾರ ಹೋದೆ. ಯಾಕೆ ಹೋದೆ ಎಂದು ಇವತ್ತಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಪ್ರಾಯಶಃ ಆ ಕರಡಿಯ ಧ್ವನಿಗಿಂತ ನಾನು ಚೆನ್ನಾಗಿ ಹೇಳಬಲ್ಲೆ ಎಂಬ ಸೊಕ್ಕು. ಅದನ್ನೂ ಅವರು ಬಲ್ಲವರೇ ಇರಬೇಕು.

ಆಫೀಸಿನ ಹಿಂದಿನ ಕೋಣೆಯೇ ಸ್ಟುಡಿಯೋ. ಸದ್ದು ಒಳಗೆ ಬರಬಾರದೆಂದು ನಾಲ್ಕೂ ಗೋಡೆಗೆ ಕೌದಿ ತೂಗುಹಾಕಿದ್ದರು. ಏಪ್ರಿಲ್ ತಿಂಗಳು, ಫ್ಯಾನು ಹಾಕುವಂತಿಲ್ಲ, ಅದರ ಸದ್ದು ಬರುತ್ತದೆ. ನಾನು ಬೆವರು ಒರೆಸಿಕೊಳ್ಳುತ್ತ, ಶಾಲೆಯಲ್ಲಿ ಹೇಳುವಂತೆ ಸ್ಪಷ್ಟವಾಗಿ, "ಬನ್ನಿ ಮಕ್ಕಳೇ, ನಾವೆಲ್ಲರೂ ಎಣಿಸಲು ಕಲಿಯೋಣ" ಎಂದು ಶುರು ಮಾಡಿದೆ.

"ಯಾರಿಗೆ ಹೇಳಾಕತ್ತೀರಿ?" ಎಂದು ನಿಲ್ಲಿಸಿದರು.

"ಮಕ್ಕಳಿಗೆ."

"ಎರಡು ವರ್ಷದ ಕೂಸಿಗೆ 'ಬನ್ನಿ ಮಕ್ಕಳೇ' ಅಂದ್ರ, ಇನ್ನ್ಯಾರ ಬಂದಾರಂತ ಹಿಂದಕ ಹೊಳ್ಳಿ ನೋಡ್ತೈತ್ರಿ. 'ಬಾ ಕೂಸ' ಅನ್ರಿ. ಒಂದ ಕೂಸು ಎದುರಿಗೆ ಕುಂತೈತಿ ಅನ್ಕೋರಿ."

"ಪಾಠಕ್ಕೊಂದು ಭಾಷೆ ಇರುತ್ತದೆ ಕಾಕಾ."

"ಹೌದ್ರಿ. ಬಾ ಕೂಸ ಅನ್ರಿ."

ಹನ್ನೊಂದು ಸಲ ಮತ್ತೆ ಮತ್ತೆ ಹೇಳಿಸಿದರು. ಹನ್ನೆರಡನೆಯ ಸಲಕ್ಕೆ ನನ್ನ ಬಾಯಿಂದ ರೋಣದ ನನ್ನ ಅವ್ವನ ಧ್ವನಿ ಬಂತು. "ಇದು" ಎಂದು ಬಟನ್ ಒತ್ತಿದರು.

ತೋರಿಸುವ ವಸ್ತುಗಳ ಬಗ್ಗೆ ಇನ್ನೊಂದು ರಗಳೆ. ಬಣ್ಣ ಕಲಿಸಲು ನಾನು ಚಿತ್ರದ ಪಟ್ಟಿ ತಂದರೆ ಬೇಡವೆಂದು ನೂಲಿನ ಲಡಿ ತಂದಿಟ್ಟರು. ಕೆಂಪು ಲಡಿ, ಹಸಿರು ಲಡಿ. ಪ್ರಾಣಿಗಳ ಪಾಠಕ್ಕೆ ಆನೆ ಬೇಕೆಂದು ಹಟ ಹಿಡಿದೆ. ಬೆಕ್ಕು, ಹಲ್ಲಿ, ಇರುವೆ ಸಾಕೆಂದರು. "ಊರ ಹೆಸರಿನ್ಯಾಗ ಆನಿ ಐತ್ರಿ ಕಾಕಾ" ಎಂದೆ. "ಹೆಸರಿನ್ಯಾಗ ಐತಿ, ಓಣ್ಯಾಗ ಇಲ್ಲ. ಕೂಸಿಗೆ ಕುಂತಲ್ಲಿಂದ ಏನ ಕಾಣ್ತೈತಿ ಅದ ತೋರಸ್ರಿ. ತಂಬಿಗಿ, ನೂಲಿನ ಕಂಡಿಕಿ, ಹಲ್ಲಿ, ಅವ್ವನ ಬೆನ್ನು."

"ಎರಡು ವರ್ಷದ ಹುಡುಗರು ಎಲ್ಲಿ ಕುಂಡ್ರತಾವ್ರಿ? ಊರ ತುಂಬ ಓಡಾಡ್ತಾವ."

ಅವರು ನನ್ನನ್ನು ಒಮ್ಮೆ ನೋಡಿದರು, ಆಮೇಲೆ ಕೈಯಲ್ಲಿದ್ದ ವೈರನ್ನು ನೋಡಿದರು. "ಆಕ್ಕೈತಿ ತಗೋರಿ" ಎಂದರು. ಯಾವ ಮಾತಿಗೆ ಏನು ಉತ್ತರ ಎಂದು ನನಗೆ ಮೈ ಉರಿಯಿತು.

ಅಂತೂ ಮಳೆಗಾಲದ ಹೊತ್ತಿಗೆ ಇಪ್ಪತ್ನಾಲ್ಕು ತಾಸಿನ ಚಾನಲ್ಲಿಗೆ ನಾಲ್ಕು ತಾಸಿನ ಸರಕು ತಯಾರಾಯಿತು: ಎಣಿಕೆ, ಬಣ್ಣ, ನಡುನಡುವೆ ನಾನು ಹಾಡಿದ ಕಾಗೆಯ ಹಾಡು, ಮಳೆರಾಯನ ಹಾಡು. ಅದೇ ತಿರುಗಿ ತಿರುಗಿ ಬರುತ್ತಿತ್ತು. ಓಣಿಯಲ್ಲಿ ನಡೆದರೆ ಈಗ ಮನೆಮನೆಯಿಂದ ನನ್ನದೇ ಧ್ವನಿ. ಸಂತೆಯಲ್ಲಿ ಬದನೆಕಾಯಿ ಕೇಳಿದರೆ ಬಗಲಲ್ಲಿದ್ದ ಕೂಸುಗಳು ಕತ್ತು ತಿರುಗಿಸುತ್ತಿದ್ದವು. ಅಜ್ಜನವರು ಮಾತ್ರ ನನ್ನೊಂದಿಗೆ ಮಾತು ಬಿಟ್ಟರು.

ಅಷ್ಟರಲ್ಲಿ ಸೀರೆಯ ಗೋಳು ಶುರುವಾಯಿತು. ಓಣಿಯಿಂದ ಹೋದ ಸೀರೆಗಳನ್ನು ನೇಯಿಸುವ ಮಾಲಕರು ತಿರುಗಿ ಕಳಿಸತೊಡಗಿದರು. ಬೆಳಕಿಗೆ ಹಿಡಿದರೆ ಅಡ್ಡ ಪಟ್ಟಿಗಳು ಕಾಣುತ್ತಿದ್ದವು. ಒಂದು ಗೇಣು ದಟ್ಟ, ಒಂದು ಗೇಣು ತೆಳುವು. ನೂಲು ಅದೇ, ಕೈ ಅದೇ, ಮಗ್ಗ ಅದೇ. ಯಾರಿಗೂ ಹೊಳೆಯಲಿಲ್ಲ. ಕಾಕಾ ಎರಡು ದಿನ ಮನೆಮನೆ ತಿರುಗಿ ಮಗ್ಗದ ಪಕ್ಕದಲ್ಲಿ ಕುಂತು ಬಂದು ನನಗೆ ಹೇಳಿದರು, "ನಿಮ್ಮ ಹಾಡು ಭಾಳ ಓಡ್ತಾವ್ರಿ."

ತತ್ವಪದದ ನಿಧಾನಕ್ಕೆ ಹಲಗೆ ಬಡಿದು ಬಡಿದು ರೂಢಿಯಾದ ಕೈ. ಈಗ ನನ್ನ ಕಾಗೆಯ ಹಾಡು ಬಂದರೆ ಕೈ ಓಡುತ್ತದೆ, ಪೆಟ್ಟು ಹಗುರಾಗುತ್ತದೆ, ಬಟ್ಟೆ ತೆಳುವಾಗುತ್ತದೆ. ಹಾಡು ಮುಗಿದು ಮಾತು ಬಂದರೆ ಮತ್ತೆ ದಟ್ಟ. ನಾನು ನಂಬಲಿಲ್ಲ. ತಿರುಗಿ ಬಂದ ಸೀರೆಯೊಂದನ್ನು ತಂದು ನನ್ನ ಕಿಟಕಿಗೆ ಹಿಡಿದರು. ತೆಳುವಾದ ಒಂದೊಂದು ಪಟ್ಟಿಯ ಮೇಲೂ ಬೆರಳಿಟ್ಟು, "ಇದು ಕಾಗಿ, ಇದು ಮಳಿರಾಯ, ಇದು ಮತ್ತ ಕಾಗಿ" ಎಂದು ತೋರಿಸಿದರು. ನನ್ನ ಹಾಡು ಹೀಗೆ ಸೀರೆಗೆ ಹತ್ತಿಕೊಂಡದ್ದನ್ನು ನೋಡಿ ನಾಚಿಕೆಯಾಯಿತು.

ಎಲ್ಲ ಹಾಡುಗಳನ್ನೂ ಮತ್ತೆ ಹಾಡಬೇಕಾಯಿತು. ಅವರು ಎದುರಿಗೆ ಕುಂತು ರೂಲರಿನಿಂದ ಮೇಜಿನ ಮೇಲೆ ಮಗ್ಗದ ಪೆಟ್ಟು ಹಾಕುವರು, ನಾನು ಅದರ ಹೆಜ್ಜೆಗೆ ಕಾಗೆಯನ್ನು ಹಾರಿಸಬೇಕು. "ಇದು ಕಾಗೆಯೋ, ಎಮ್ಮೆಯೋ?" ಎಂದು ನಾನು ಕಿರಿಚಿದೆ. "ಹೌದ್ರಿ" ಎಂದು ರೂಲರು ಬಡಿದರು. ಇವತ್ತಿಗೂ ನಮ್ಮ ಶಾಲೆಗೆ ಬರುವ ನೇಕಾರರ ಮಕ್ಕಳು ಕಾಗೆಯ ಹಾಡನ್ನು ಅದೇ ನಿಧಾನಕ್ಕೆ ಹಾಡುತ್ತಾರೆ. ಬೇರೆ ಓಣಿಯ ಮಕ್ಕಳು ಮುಗಿಸಿ ಕುಂತು ಕಾಯುತ್ತಾರೆ.

ಇಷ್ಟೆಲ್ಲ ಯಾತಕ್ಕೆ ಎಂದು ಹತ್ತು ಸಲ ಕೇಳಿದ್ದೆ. ಇಪ್ಪತ್ತು ವರ್ಷ ನಡೆದ ಚಾನಲ್ಲನ್ನು ತೆಗೆದು, ಊರ ಬೈಗುಳ ತಿಂದು, ಈ ಹಟ ಯಾಕೆ? ಒಮ್ಮೆಯೂ ನೆಟ್ಟಗೆ ಹೇಳಲಿಲ್ಲ. ಗೊತ್ತಾದದ್ದು ಮರುವರ್ಷ, ಶಾಲೆ ಶುರುವಾಗುವ ಮೊದಲು ಮಕ್ಕಳ ಹೆಸರು ಬರೆದುಕೊಳ್ಳಲು ಮನೆಮನೆ ತಿರುಗುವಾಗ. ಒಂದು ಮನೆಯ ಕಟ್ಟೆಯ ಮೇಲೆ ನಿಂತು, ಆರು ತುಂಬಿದ ಮಕ್ಕಳು ಇದ್ದಾವೇನು ಎಂದು ಕೂಗುತ್ತಿದ್ದೆ. ನಾವು ಶಿಕ್ಷಕರು ಕಟ್ಟೆಯವರೆಗೆ ಹೋಗುವವರು. ಒಳಗಿನಿಂದ ಕಾಕಾನ ದನಿ ಬಂತು. "ಅಕ್ಕೋರೇನ್ರಿ? ಚಲೋ ಆತು, ಒಳಗ ಬರ್ರಿ. ಈ ವೈರ್ ಸ್ವಲ್ಪ ಹಿಡೀರಿ."

ಬಿಸಿಲಲ್ಲಿ ತಿರುಗಿ ಸುಸ್ತಾಗಿದ್ದೆ, ಇವರಿಗೆ ವೈರು ಹಿಡಿಯುವ ಆಳು ಬೇಕು. ಬೈಯುತ್ತಲೇ ಪಡಸಾಲೆ ದಾಟಿ ಒಳಗೆ ಹೋದೆ. ಕತ್ತಲ ಕೋಣೆ. ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕುಂತ ಹೆಣ್ಣುಮಗಳು ನೇಯುತ್ತಿದ್ದಳು. ಅವಳ ಹಿಂದೆ ನಡುಗಂಬಕ್ಕೆ ಹಳೇ ಸೀರೆಯ ಅಂಚು ಹರಿದು ಮಾಡಿದ ಹಗ್ಗ. ಹಗ್ಗದ ಇನ್ನೊಂದು ತುದಿ ಎರಡು ವರ್ಷ ಇನ್ನೂ ತುಂಬದ ಹೆಣ್ಣುಕೂಸಿನ ಸೊಂಟಕ್ಕೆ. ಕೂಸು ಅಳುತ್ತಿರಲಿಲ್ಲ. ಹಗ್ಗ ಎಷ್ಟು ಉದ್ದವೋ ಅಷ್ಟು ದೂರ ಬಂದು ಕುಂತಿತ್ತು. ಅಲ್ಲಿಂದ ಅದಕ್ಕೆ ಕಾಣುತ್ತಿದ್ದದ್ದು ಒಂದು ತಂಬಿಗೆ, ನಾಲ್ಕು ಕಂಡಿಕೆ, ಗೋಡೆಯ ಹಲ್ಲಿ, ಅವ್ವನ ಬೆನ್ನು.

ನನ್ನ ಕೈಯಲ್ಲಿ ವೈರಿತ್ತು. "ಏನವ್ವ ಇದು?" ಎಂದೆ.

ಅವಳು ಮಗ್ಗ ನಿಲ್ಲಿಸಲಿಲ್ಲ. "ಬಿಚ್ಚಿದ್ರ ಕುಣ್ಯಾಗ ಬೀಳ್ತೈತ್ರಿ ಅಕ್ಕೋರ. ಬಾಗಲಾ ದಾಟಿದ್ರ ಬೀದ್ಯಾಗ ಟಂಟಂ ಗಾಡಿ ಓಡಾಡ್ತಾವ. ಅಂಗನವಾಡಿಗೆ ಕಳಸಾಕ ಮೂರು ತುಂಬಬೇಕ್ರಿ. ನಾ ಏನ ಮಾಡ್ಲಿ?" ಹೇಳುವಾಗ ಅವಳ ಧ್ವನಿಯಲ್ಲಿ ನಾಚಿಕೆಯೂ ಇತ್ತು, ಸಿಟ್ಟೂ ಇತ್ತು. ಆ ಓಣಿಯಲ್ಲಿ ನಾನು ಮೂರು ವರ್ಷ ಓಡಾಡಿದ್ದೆ. ಮಗ್ಗದ ಕೋಣೆಯವರೆಗೆ ಹೋದದ್ದು ಅಂದೇ ಮೊದಲು.

ಕಾಕಾ ಟಿವಿಯನ್ನು ಕೂಸಿಗೆ ಕಾಣದ ಮೇಲಿನ ಹಲಗೆಯಿಂದ ಇಳಿಸಿ, ಕುಣಿಯಿಂದ ದೂರದ ಗೋಡೆಗೆ ಒಂದು ಮಣೆಯ ಮೇಲೆ ಇಟ್ಟರು. ವೈರು ಸಿಕ್ಕಿಸಿದರು. ನನ್ನ ಧ್ವನಿ "ಬಾ ಕೂಸ" ಎಂದಿತು. ಕೂಸು ಹಗ್ಗ ಜಗ್ಗಿಕೊಂಡು ಆ ಕಡೆ ಹೊರಟಿತು. "ಈಗ ಬಿಚ್ಚವ್ವ" ಎಂದರು ಕಾಕಾ. ಅವಳು ಒಲ್ಲೆನೆಂದಳು. "ನಾ ಕುಂತಿರ್ತೀನಿ. ಬಿಚ್ಚು" ಎಂದು ಕುಣಿಗೂ ಕೂಸಿಗೂ ನಡುವೆ ಚಕ್ಕಳಮಕ್ಕಳ ಹಾಕಿ ಕುಂತುಬಿಟ್ಟರು. ಅವಳು ಮಗ್ಗದಿಂದ ಎದ್ದು ಬಂದು ಗಂಟು ಬಿಚ್ಚಿದ ಮೇಲೂ ಏಳಲಿಲ್ಲ. ನಾನು ಉಳಿದ ಮನೆ ಮುಗಿಸಿ ಸಂಜೆ ಅದೇ ದಾರಿಯಲ್ಲಿ ತಿರುಗಿ ಬಂದಾಗಲೂ ಅಲ್ಲೇ ಕುಂತಿದ್ದರು, ಕೂಸು ಟಿವಿಯ ಮುಂದೆ ಲಡಿ ಹಿಡಿದುಕೊಂಡಿತ್ತು. ಒಂದು ಮನೆಯಲ್ಲಿ ಕುಂತಿದ್ದೆ ಎಂದು ನಾನು ಊರಿಗೆ ಬಂದ ವಾರ, ಆ ಗುರುವಾರ, ಅವರು ಹೇಳಿದ್ದು ಖರೇ ಇತ್ತು. ಮಕ್ಕಳ ಚಾನಲ್ಲು ಇಲ್ಲದಾಗ ಹೀಗೇ ತಾವೇ ಕುಂತು ಕೂಸು ಕಾಯುತ್ತಿದ್ದರು.

ಇಷ್ಟು ತಿಳಿದ ಮೇಲೆ ನಾನು ಅವರ ಕಾಲು ಮುಟ್ಟಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ನಾನು ಮತ್ತೆ ಜಗಳಕ್ಕೇ ಹೋದೆ. ಯಾಕೆಂದರೆ ಆ ಮಧ್ಯಾಹ್ನ ಇನ್ನೊಂದನ್ನೂ ಕಂಡಿದ್ದೆ. ಕೂಸಿನ ಹತ್ತಿರ ಕುಂತು "ನಿನ್ನ ಹೆಸರೇನವ್ವ?" ಎಂದು ಕೇಳಿದ್ದೆ. ಕೂಸು ನನ್ನ ಕಡೆ ನೋಡಲಿಲ್ಲ. ಧ್ವನಿ ಗುರುತು ಹಿಡಿದು ಟಿವಿಯ ಕಡೆ ನೋಡಿತು. ಪಕ್ಕದಲ್ಲೇ ಕುಂತ ನಾನು ಅದಕ್ಕೆ ಕಾಣಲೇ ಇಲ್ಲ.

"ಸೀರಿ ಹಗ್ಗ ಬಿಚ್ಚಿ ಟಿವಿ ಹಗ್ಗದಿಂದ ಕಟ್ಟೀರಿ ಕಾಕಾ" ಎಂದೆ. "ಅದಕ್ಕ ನನ್ನ ದನಿ ಬಳಸೀರಿ. ತಾಸುಗಟ್ಟಲೆ ಮಿಸುಕಾಡದ ಕುಂತಿರ್ತಾವ. ಅವ್ವನೂ ಹೊಳ್ಳಿ ನೋಡಂಗಿಲ್ಲ, ಕೂಸು ಅಳವಲ್ದು ಅಂತ. ಮದಲ ಹಗ್ಗ ಇದ್ದಾಗರೆ ಅತ್ತಾಗ ಎತ್ಕೊಂತಿದ್ಲು."

ಅವರು ಹಲ್ಲಿನಿಂದ ವೈರಿನ ಸಿಪ್ಪೆ ಬಿಡಿಸಿದರು. ಆಮೇಲೆ ಉಗಿದು, "ಈ ಹಗ್ಗಕ್ಕ ಗಂಟಿಲ್ರಿ ಅಕ್ಕೋರ" ಎಂದರು. "ಬ್ಯಾಸರಾದ್ರ ಎದ್ದು ಬರಬಹುದು."

"ಎಲ್ಲಿ ಬರ್ತಾವ? ಒಂದರೆ ಎದ್ದದ್ದು ತೋರಸ್ರಿ."

"ಆಕ್ಕೈತಿ ತಗೋರಿ" ಎಂದು ಎದ್ದು ಹೋದರು. ಮಾತು ಅರ್ಧಕ್ಕೇ ನಿಂತಿತು. ನನ್ನ ಮಾತು ಅವರ ಕಿವಿಗೆ ಹೋಗಲಿಲ್ಲ ಎಂದುಕೊಂಡೆ.

ಆಮೇಲೆ ಸ್ವಲ್ಪ ದಿನಕ್ಕೆ ಚಾನಲ್ಲು ಕೆಡಲು ಶುರುವಾಯಿತು. ಮುಂಜಾನೆಯಿಂದ ಸಂಜೆಯವರೆಗೆ ತಾಸಿಗೊಮ್ಮೆ ಟಕ್ಕನೆ ಹೋಗುವುದು. ಬರೀ ನೀಲಿ ಪರದೆ. ಕರೆಂಟು ಇರುತ್ತಿತ್ತು, ಬೇರೆಲ್ಲ ಚಾನಲ್ಲು ಬರುತ್ತಿದ್ದವು, ಇದೊಂದೇ ಇಲ್ಲ. ಹತ್ತು ನಿಮಿಷಕ್ಕೆ ತಾನೇ ತಿರುಗಿ ಬರುತ್ತಿತ್ತು. ಇಪ್ಪತ್ನಾಲ್ಕು ತಾಸಿನ ಬೋರ್ಡು ಮಾತ್ರ ಹಾಗೇ ಇತ್ತು. ಹೋಗುತ್ತಿದ್ದದ್ದು ನನ್ನ ಧ್ವನಿಯಾದ್ದರಿಂದ ಊರು ನನ್ನನ್ನೇ ಹಿಡಿಯಿತು. "ಅಕ್ಕೋರ, ಏಳು ಅಂದ್ರಿ, ಎಂಟು ಅನ್ನೂದ್ರಾಗ ಹೋತು ನೋಡ್ರಿ." ಸಂತೆಯಲ್ಲಿ ಅದೇ, ದವಾಖಾನೆಯಲ್ಲಿ ಅದೇ, ಪಾಲಕರ ಸಭೆಯಲ್ಲೂ ಅದೇ.

ನಾನು ಫೋನು ಮಾಡಿದೆ. ಆ ವಾರ, ಮುಂದಿನ ವಾರ, ವರ್ಷವಿಡೀ, ವರ್ಷಗಟ್ಟಲೆ. "ನಿಮ್ಮ ಮಶಿನ್ ಕೆಟ್ಟೈತಿ, ಬದಲ ಮಾಡ್ರಿ." "ಹೌದ್ರಿ." "ನಾಳಿ ಮಾಡ್ತೀರೇನು?" "ಆಕ್ಕೈತಿ ತಗೋರಿ." ಒಮ್ಮೆ ಫೋನಿನಲ್ಲೇ, "ನಿಮ್ಮಂಥಾ ನಾಲಾಯಕ ಮನಿಷ್ಯಾನ್ನ ನಾ ನೋಡಿಲ್ಲ" ಎಂದೂ ಅಂದೆ. ಆ ಕಡೆಯಿಂದ "ಊಟ ಆತೇನ್ರಿ ಅಕ್ಕೋರ?" ಎಂದು ಕೇಳಿದರು.

ತೀರಿಕೊಂಡ ಎಂಟನೆಯ ದಿನಕ್ಕೆ ಕಾಕುವನ್ನು, ಎಂದರೆ ಅವರ ಹೆಂಡತಿಯನ್ನು, ಮಾತಾಡಿಸಿ ಬರಲು ಹೋದೆ. ಮನೆ ಆಫೀಸಿನ ಹಿಂದೆಯೇ, ಓಣಿಗೆ ಬೆನ್ನು ಹಚ್ಚಿಕೊಂಡಿದೆ. ಮುಂಜಾನೆ ಹನ್ನೊಂದರ ಹೊತ್ತು. ಬಂದವರೆಲ್ಲ ಹೋಗಿ ನಾವಿಬ್ಬರೇ ಉಳಿದಿದ್ದೆವು. ಗೋಡೆಯಾಚೆಯಿಂದ ಮಗ್ಗಗಳ ಸದ್ದು ಬರುತ್ತಿತ್ತು. ಕಾಕು ಕಡೆಯ ದಿನಗಳ ಬಗ್ಗೆ ಹೇಳುತ್ತಿದ್ದವರು ಗಡಿಯಾರ ನೋಡಿ, "ತಡೀರಿ ಅಕ್ಕೋರ" ಎಂದು ಎದ್ದು ಆಫೀಸಿನ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಮಶಿನ್ನುಗಳ ಮುಂದೆ ನಿಂತು ಒಂದು ಬಟನ್ ಒತ್ತಿದರು. ಪಕ್ಕದ ಸಣ್ಣ ಟಿವಿಯಲ್ಲಿ ನಾನು "ಆರು" ಎನ್ನುತ್ತಿದ್ದೆ, ನೀಲಿಯಾಯಿತು.

"ಏನ ಮಾಡಿದ್ರಿ ಕಾಕು?"

"ಆರಿಸಿದೆ. ದಿನಾ ಇವರ ಮಾಡ್ತಿದ್ರು, ಈಗ ನಾ ಮಾಡ್ತೀನಿ. ಹತ್ತು ನಿಮಿಷ." ಅವರು ಸ್ಟೂಲಿನ ಮೇಲೆ ಕುಂತು ಕಿವಿ ಕೊಟ್ಟರು. ಗೋಡೆಯಾಚೆ ಒಂದು ಕೂಸು ಅಳಲು ಶುರು ಮಾಡಿತು. ಇನ್ನೊಂದು ದನಿಗೂಡಿಸಿತು. ಮಗ್ಗ ಒಂದು ನಿಂತಿತು, ಮತ್ತೊಂದು ನಿಂತಿತು. ಒಂದೊಂದಾಗಿ ಓಣಿಯ ಖಟ್ ಖಟ್ ಎಲ್ಲ ನಿಂತು, ಹೆಂಗಸರ ಮಾತು ಕೇಳತೊಡಗಿತು. ಯಾರೋ ಕೂಸಿಗೆ ಲಲ್ಲೆ ಹೊಡೆಯುತ್ತಿದ್ದರು.

"ಈಗ ಎತ್ಕೊಂತಾರ ನೋಡ್ರಿ" ಎಂದರು ಕಾಕು. "ಉಚ್ಚಿ ಹೊಯ್ಸತಾರ, ನೀರು ಕುಡಸ್ತಾರ, ತಾವೂ ಬೆನ್ನು ಸೆಟಸ್ತಾರ. ಏಳ್ರಿ ಅಂತ ಹೇಳಿದ್ರ ಯಾರ ಏಳ್ತಾರ? ಸೀರಿ ಮುಗಸೂದ ಇರ್ತೈತಿ. ಕೆಟ್ಟೈತಿ ಅಂದ್ರ ಏಳ್ತಾರ ಅಂತಿದ್ರು ಇವರು. ನೀವ ಅಂದಿದ್ರಂತಲ್ಲ, ಅದೂ ಒಂದ ಹಗ್ಗ ಅಂತ. ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ ಆವಾಗ."

ನನಗೆ ಕುಂಡ್ರಲು ಏನೂ ಸಿಗದೆ ವೈರಿನ ಸುರುಳಿಯ ಮೇಲೆ ಕುಂತೆ. ಎಷ್ಟು ವರ್ಷ ಬೈದಿದ್ದೆ. ನಾಲಾಯಕ ಎಂದಿದ್ದೆ. "ನನಗರೆ ಹೇಳಬಾರದಿತ್ತೇನು?" ಎಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ನಾನೂ ಅದ ಅಂದೆ. ಬ್ಯಾಡ ಅಂದ್ರು. ಅಕ್ಕೋರಿಗೆ ಗೊತ್ತಾದ್ರ ಇನ್ನ ಹತ್ತು ಬುದ್ಧಿ ಹೇಳ್ತಾರ, ಯಾವದಂತ ಕೇಳೂದು ಅಂದ್ರು."

ಇದಕ್ಕೇನು ಮಾಡುವುದು ಹೇಳಿ. ಅಳುತ್ತಿದ್ದವಳಿಗೆ ಮತ್ತೆ ಸಿಟ್ಟು ಬಂತು. ಬೈಯೋಣವೆಂದರೆ ಮನುಷ್ಯನಿಲ್ಲ. ಕಾಕು ಚಹಾ ಮಾಡುತ್ತೇನೆಂದು ಒಳಗೆ ಹೋದರು, ಗಡಿಯಾರ ನೋಡುವ ಕೆಲಸ ನನಗೆ ಕೊಟ್ಟು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ನಾಲ್ಕು ಸಲ ಬಡಿದುಕೊಳ್ಳಲು ಬಿಟ್ಟು ಎತ್ತಿದೆ.

"ಏನ್ರಿ ಇದು?" ಓಣಿಯ ಯಾವುದೋ ಹೆಣ್ಣುಮಗಳು, ಒಂದೇ ಉಸಿರಿಗೆ. "ಕಾಕಾ ಹ್ವಾದ ಮ್ಯಾಲಾದ್ರೂ ಸುದ್ದ ಮಾಡ್ತೀರಿ ಅನ್ಕೊಂಡಿದ್ದೆ. ದಿನಾ ಇದ ಆತು. ಸೆರಗು ಅರ್ಧಕ್ಕ ಬಿಟ್ಟು ಎದ್ದೀನ್ರಿ, ಕೂಸು ಒಂದ ಸವನ ಅಳಾಕತ್ತೈತಿ."

"ಕೂಸು ಎಲ್ಲೈತವ್ವ ಈಗ?" ಎಂದು ಕೇಳಿದೆ.

"ಎಲ್ಲಿರ್ತೈತ್ರಿ? ನನ್ನ ಬಗಲಾಗ ಐತಿ. ಯಾವಾಗ ಬರ್ತೈತಿ ಚಾನಲ್ಲು, ಅದನ್ನ ಹೇಳ್ರಿ."

ಗಡಿಯಾರ ನೋಡಿದೆ. ಇನ್ನೂ ಆರು ನಿಮಿಷವಿತ್ತು.

"ಆಕ್ಕೈತಿ ತಗೋರಿ" ಎಂದೆ.